ಪೂರ್ವಪ್ರತಿಬಲಿತ ಕಾಂಕ್ರೀಟಿನ ಎಲ್‌ಎನ್‌ಜಿ ಸಂಗ್ರಹಣಾ ಟ್ಯಾಂಕು

ಪೂರ್ವಪ್ರತಿಬಲಿತ ಕಾಂಕ್ರೀಟಿನ ಎಲ್‌ಎನ್‌ಜಿ ಸಂಗ್ರಹಣಾ ಟ್ಯಾಂಕು ಎಂಬುದು ದ್ರವೀಕೃತ ನೈಸರ್ಗಿಕ ಅನಿಲವನ್ನು ಸುಮಾರು ಮೈನಸ್ 162 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ವಾಯುಮಂಡಲದ ಒತ್ತಡಕ್ಕಿಂತ ತುಸುವೇ ಹೆಚ್ಚಿನ ಒತ್ತಡದಲ್ಲಿ ಕೂಡಿಡಲು ಕಟ್ಟುವ ಬೃಹತ್ ಸಿಲಿಂಡರಾಕಾರದ ರಚನೆ. ಇಂದು ಹೆಚ್ಚು ಬಳಕೆಯಲ್ಲಿರುವ ಮಾದರಿಯಲ್ಲಿ ಒಂದರೊಳಗೊಂದು ಎರಡು ಟ್ಯಾಂಕುಗಳಿರುತ್ತವೆ. ಒಳಗಿನದು ನಿಕಲ್ ಬೆರೆತ ಉಕ್ಕಿನದು. ದ್ರವವನ್ನು ಹಿಡಿದಿಡುವುದು ಅದರ ಕೆಲಸ. ಹೊರಗಿನದು ಕಾಂಕ್ರೀಟಿನದು; ಒಳಗಿನ ಟ್ಯಾಂಕು ಸೋರಿದರೂ ದ್ರವ ಹೊರಬೀಳದಂತೆ ತಡೆಯುವುದು ಅದರ ಹೊಣೆ. ಕಾಂಕ್ರೀಟು ಗಟ್ಟಿಯಾದ ಮೇಲೆ ಅದರೊಳಗೆ ಹಾಯಿಸಿದ ಉಕ್ಕಿನ ತಂತಿಹುರಿಗಳನ್ನು ಜ್ಯಾಕಿನಿಂದ ಎಳೆದು ಬಿಗಿಯುವ ಪೋಸ್ಟ್-ಟೆನ್ಷನಿಂಗ್ ವಿಧಾನದಿಂದ ಈ ಹೊರಗೋಡೆಗೆ ಅಗತ್ಯವಾದ ಬಲ ಬರುತ್ತದೆ.

ಇಂತಹ ಟ್ಯಾಂಕುಗಳು ಅನಿಲವನ್ನು ದ್ರವೀಕರಿಸುವ ಸ್ಥಾವರಗಳಲ್ಲಿಯೂ ಹಡಗಿನಿಂದ ಬಂದ ದ್ರವವನ್ನು ಮರಳಿ ಅನಿಲವಾಗಿಸುವ ಬಂದರು ಟರ್ಮಿನಲ್‌ಗಳಲ್ಲಿಯೂ ಕಂಡುಬರುತ್ತವೆ. ಭಾರತದಲ್ಲಿ ದಹೇಜ್, ಹಜೀರಾ, ಕೊಚ್ಚಿ, ದಾಭೋಳ್, ಎಣ್ಣೂರು, ಮುಂದ್ರಾ ಮತ್ತು ಧಾಮ್ರಾಗಳಲ್ಲಿ ಎಲ್‌ಎನ್‌ಜಿ ಟರ್ಮಿನಲ್‌ಗಳಿವೆ.

## ಹಿನ್ನೆಲೆ

ನೈಸರ್ಗಿಕ ಅನಿಲದ ಮುಖ್ಯ ಘಟಕ ಮೀಥೇನ್. ಅದನ್ನು ಮೈನಸ್ 162 ಡಿಗ್ರಿಯ ಆಸುಪಾಸಿಗೆ ತಂಪುಗೊಳಿಸಿದರೆ ಬಣ್ಣವಿಲ್ಲದ, ವಾಸನೆಯಿಲ್ಲದ ದ್ರವವಾಗುತ್ತದೆ. ಗಾತ್ರ ಸುಮಾರು 600ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕೊಳವೆಮಾರ್ಗ ಹಾಕಲಾಗದಷ್ಟು ದೂರದ ದೇಶಗಳಿಗೆ ಅನಿಲವನ್ನು ಹಡಗಿನಲ್ಲಿ ಸಾಗಿಸಲು ಸಾಧ್ಯವಾಗಿರುವುದು ಈ ಗುಣದಿಂದಲೇ. ಮನೆಗಳ ಸಿಲಿಂಡರುಗಳಲ್ಲಿ ದೊರೆಯುವ ಎಲ್‌ಪಿಜಿ ಇದಕ್ಕಿಂತ ಬೇರೆ. ಪ್ರೊಪೇನ್ ಮತ್ತು ಬ್ಯುಟೇನ್‌ಗಳ ಮಿಶ್ರಣವಾದ ಎಲ್‌ಪಿಜಿ ಸಾಮಾನ್ಯ ಉಷ್ಣತೆಯಲ್ಲಿಯೂ ಒತ್ತಡದಿಂದ ದ್ರವವಾಗುತ್ತದೆ. ಮೀಥೇನ್ ಹಾಗಲ್ಲ, ಸಾಮಾನ್ಯ ಉಷ್ಣತೆಯಲ್ಲಿ ಎಷ್ಟೇ ಒತ್ತಿದರೂ ಅದು ದ್ರವವಾಗದು, ಅದನ್ನು ತಂಪಿನಿಂದಲೇ ದ್ರವರೂಪದಲ್ಲಿ ಇರಿಸಬೇಕು. ಆದ್ದರಿಂದ ಎಲ್‌ಎನ್‌ಜಿ ಟ್ಯಾಂಕು ಒತ್ತಡವನ್ನು ತಡೆಯುವ ಪಾತ್ರೆ ಎನ್ನುವುದಕ್ಕಿಂತ ಶೀತವನ್ನು ಕಾಪಾಡುವ ಪಾತ್ರೆ ಎನ್ನುವುದೇ ಸರಿ.

ಈ ಶೀತವೇ ನಿರ್ಮಾಣದ ಮೊದಲ ತೊಡಕು. ಸಾಮಾನ್ಯ ಉಕ್ಕು ಇಷ್ಟು ಕಡಿಮೆ ಉಷ್ಣತೆಯಲ್ಲಿ ತನ್ನ ಬಾಗುವ ಗುಣವನ್ನು ಕಳೆದುಕೊಂಡು ಗಾಜಿನಂತೆ ಒಡೆಯುತ್ತದೆ. ಎರಡನೆಯ ತೊಡಕು ದ್ರವದ ಪ್ರಮಾಣ. ಆಧುನಿಕ ಟ್ಯಾಂಕೊಂದರಲ್ಲಿ ಸಾಮಾನ್ಯವಾಗಿ 1,60,000ದಿಂದ 2,00,000 ಘನ ಮೀಟರ್ ದ್ರವ ಹಿಡಿಯುತ್ತದೆ. ದಕ್ಷಿಣ ಕೊರಿಯಾದ ಸಾಮ್‌ಚೊಕ್‌ನಲ್ಲಿ 2,70,000 ಘನ ಮೀಟರ್ ಸಾಮರ್ಥ್ಯದ ಟ್ಯಾಂಕುಗಳಿವೆ. ಇಷ್ಟು ದ್ರವ ಒಮ್ಮೆಗೇ ಹೊರಹರಿದರೆ ಆಗುವ ಅನಾಹುತ ಊಹೆಗೆ ಬಿಟ್ಟದ್ದಲ್ಲ. ಅದು ಇತಿಹಾಸದಲ್ಲಿ ನಡೆದುಹೋಗಿದೆ.

## ಇತಿಹಾಸ

### ಕ್ಲೀವ್‌ಲ್ಯಾಂಡ್ ದುರಂತ

ಅಮೆರಿಕದ ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಚಳಿಗಾಲದ ಬೇಡಿಕೆಗೆಂದು ಅನಿಲವನ್ನು ದ್ರವರೂಪದಲ್ಲಿ ಕೂಡಿಡುವ ಸ್ಥಾವರವೊಂದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೆಲಸ ಮಾಡುತ್ತಿತ್ತು. ಮೊದಲು ಗೋಳಾಕಾರದ ಮೂರು ಟ್ಯಾಂಕುಗಳಿದ್ದು, ಬಳಿಕ ಸಿಲಿಂಡರಾಕಾರದ ನಾಲ್ಕನೆಯದನ್ನು ಸೇರಿಸಲಾಯಿತು. 1944ರ ಅಕ್ಟೋಬರ್ 20ರಂದು ಈ ನಾಲ್ಕನೆಯ ಟ್ಯಾಂಕು ಒಡೆಯಿತು. ಹೊರಚೆಲ್ಲಿದ ದ್ರವ ಬೀದಿಗೂ ಚರಂಡಿಗಳಿಗೂ ಹರಿದು, ಆವಿಯಾಗಿ, ಹೊತ್ತಿಕೊಂಡಿತು. ನೆಲದಡಿಯ ಚರಂಡಿಗಳಲ್ಲಿ ಸ್ಫೋಟಗಳಾದವು. ಬೆಂಕಿಯ ಕಾವಿಗೆ ಮತ್ತೊಂದು ಟ್ಯಾಂಕೂ ಕುಸಿಯಿತು. ಸುಮಾರು 130 ಜನ ಸತ್ತರು.

ಟ್ಯಾಂಕಿಗೆ ಬಳಸಿದ್ದ ಉಕ್ಕಿನಲ್ಲಿ ನಿಕಲ್ ಅಂಶ ಶೇಕಡಾ 3.5 ಮಾತ್ರ ಇತ್ತು; ಎಲ್‌ಎನ್‌ಜಿಯ ಶೀತದಲ್ಲಿ ಅದು ಭಿದುರವಾಗುತ್ತಿತ್ತು. ಚೆಲ್ಲಿದ ದ್ರವವನ್ನು ಅಲ್ಲಿಯೇ ತಡೆದು ನಿಲ್ಲಿಸುವಂತಹ ಸಮರ್ಪಕ ಕಟ್ಟೆಯೂ ಟ್ಯಾಂಕಿನ ಸುತ್ತ ಇರಲಿಲ್ಲ. ಒಳಗಿನ ಪಾತ್ರೆಗೆ ತಕ್ಕ ಲೋಹ ಬೇಕು, ಅದು ಸೋತರೆ ದ್ರವವನ್ನು ಹಿಡಿಯಲು ಎರಡನೆಯ ಪಾತ್ರೆ ಬೇಕು ಎಂಬ ಇಂದಿನ ಎರಡು ಮೂಲ ನಿಯಮಗಳೂ ಈ ಘಟನೆಯ ಪಾಠಗಳೇ.

### ಸಮುದ್ರ ವ್ಯಾಪಾರ ಮತ್ತು ಕಾಂಕ್ರೀಟು

1959ರಲ್ಲಿ 'ಮೀಥೇನ್ ಪಯೊನಿಯರ್' ಎಂಬ ಹಡಗು ಅಮೆರಿಕದ ಲೂಸಿಯಾನಾದಿಂದ ಇಂಗ್ಲೆಂಡಿನ ಕ್ಯಾನ್ವೆ ದ್ವೀಪಕ್ಕೆ ಎಲ್‌ಎನ್‌ಜಿಯನ್ನು ಯಶಸ್ವಿಯಾಗಿ ಸಾಗಿಸಿತು. 1964ರಲ್ಲಿ ಅಲ್ಜೀರಿಯಾದ ಅರ್ಜ್ಯೂನಿಂದ ಬ್ರಿಟನ್ನಿಗೆ ವಾಣಿಜ್ಯ ಸಾಗಣೆ ಆರಂಭವಾಯಿತು. ವ್ಯಾಪಾರ ಬೆಳೆದಂತೆ ಟ್ಯಾಂಕುಗಳೂ ಬೆಳೆದವು.

ಕಾಂಕ್ರೀಟಿಗೆ ಮುಂಚಿತವಾಗಿಯೇ ಒತ್ತುಬಲ ಕೊಡುವ ತಂತ್ರವನ್ನು ಬಳಕೆಗೆ ಬರುವಂತೆ ರೂಪಿಸಿದವರು ಫ್ರಾನ್ಸಿನ ಎಂಜಿನಿಯರ್ ಯೂಜೀನ್ ಫ್ರೆಸಿನೆ. ಅವರು 1928ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಸೇತುವೆಗಳ ಮೂಲಕ ಪ್ರಸಿದ್ಧವಾದ ಈ ತಂತ್ರ ನೀರಿನ ಟ್ಯಾಂಕುಗಳಿಗೂ ಮುಂದೆ ಎಲ್‌ಎನ್‌ಜಿ ಟ್ಯಾಂಕುಗಳಿಗೂ ಬಂದಿತು.

1973ರ ಫೆಬ್ರವರಿ 10ರಂದು ನ್ಯೂಯಾರ್ಕಿನ ಸ್ಟೇಟನ್ ದ್ವೀಪದಲ್ಲಿ ದುರಸ್ತಿಗಾಗಿ ಬರಿದು ಮಾಡಿದ್ದ ಕಾಂಕ್ರೀಟು ಟ್ಯಾಂಕಿನೊಳಗೆ ಬೆಂಕಿ ಹತ್ತಿತು. ಒಳಮೈಗೆ ಹಾಕಿದ್ದ ಪ್ಲಾಸ್ಟಿಕ್ ಹೊದಿಕೆ ಮತ್ತು ಪಾಲಿಯುರಿಥೇನ್ ನೊರೆಯ ಉಷ್ಣರೋಧಕ ಉರಿದು, ಒಳಗಿನ ಒತ್ತಡ ಏರಿ, ಕಾಂಕ್ರೀಟಿನ ಛಾವಣಿ ಮೇಲೆದ್ದು ಕುಸಿಯಿತು. ಒಳಗೆ ಕೆಲಸ ಮಾಡುತ್ತಿದ್ದವರಲ್ಲಿ 40 ಜನ ಸತ್ತರು. ಬರಿದಾದ ಟ್ಯಾಂಕೂ ಅಪಾಯಕಾರಿಯಾಗಬಲ್ಲದು ಎಂಬುದನ್ನು ಈ ಘಟನೆ ತೋರಿಸಿತು. ಇಂದಿನ ಪೂರ್ಣ ಧಾರಕ ಟ್ಯಾಂಕುಗಳ ತಳದಲ್ಲಿಯೂ ಗೋಡೆಗಳ ನಡುವೆಯೂ ಉರಿಯದ ಖನಿಜಮೂಲದ ಉಷ್ಣರೋಧಕಗಳನ್ನು ಬಳಸಲಾಗುತ್ತದೆ. 1977ರಲ್ಲಿ ಕತಾರಿನ ಉಮ್ ಸಯೀದ್‌ನಲ್ಲಿ ಶೀತಲೀಕೃತ ಪ್ರೊಪೇನ್ ಟ್ಯಾಂಕೊಂದು ಒಡೆದ ಬಳಿಕ, ಗಟ್ಟಿಮುಟ್ಟಾದ ಹೊರಪಾತ್ರೆ ಇರಬೇಕೆಂಬ ಅಭಿಪ್ರಾಯ ಇನ್ನಷ್ಟು ಬಲಗೊಂಡಿತು.

## ವಿಧಗಳು

ಎಲ್‌ಎನ್‌ಜಿ ಟ್ಯಾಂಕುಗಳನ್ನು ಸೋರಿಕೆಯನ್ನು ತಡೆಯುವ ಬಗೆಯ ಆಧಾರದ ಮೇಲೆ ವಿಂಗಡಿಸಲಾಗುತ್ತದೆ.

* ಏಕ ಧಾರಕ ಟ್ಯಾಂಕು: ದ್ರವವನ್ನು ಹಿಡಿಯಬಲ್ಲದ್ದು ಒಳಪಾತ್ರೆ ಮಾತ್ರ. ಸೋರಿದ ದ್ರವವನ್ನು ಸ್ವಲ್ಪ ದೂರದಲ್ಲಿರುವ ಮಣ್ಣಿನ ಅಥವಾ ಕಾಂಕ್ರೀಟಿನ ಕಟ್ಟೆ ತಡೆಯುತ್ತದೆ. ಖರ್ಚು ಕಡಿಮೆ, ಆದರೆ ಬಹಳ ಜಾಗ ಬೇಕು.
* ದ್ವಿ ಧಾರಕ ಟ್ಯಾಂಕು: ಒಳಪಾತ್ರೆಯ ಸಮೀಪದಲ್ಲಿಯೇ ದ್ರವವನ್ನು ಹಿಡಿಯಬಲ್ಲ ಎತ್ತರದ ಗೋಡೆ ಇರುತ್ತದೆ; ಸೋರಿದ ದ್ರವದಿಂದ ಏಳುವ ಆವಿಯನ್ನು ಮಾತ್ರ ಅದು ತಡೆಯಲಾರದು.
* ಪೂರ್ಣ ಧಾರಕ ಟ್ಯಾಂಕು: ಹೊರಪಾತ್ರೆಗೆ ಛಾವಣಿಯೂ ಇದ್ದು, ಅದು ಸೋರಿದ ದ್ರವವನ್ನು ಹಿಡಿದಿಟ್ಟು ಆವಿಯನ್ನು ನಿಯಂತ್ರಿತವಾಗಿ ಹೊರಬಿಡುತ್ತದೆ. ಈ ಲೇಖನದ ಮುಖ್ಯ ವಿಷಯ ಈ ಬಗೆಯದು.
* ಪೊರೆ ಟ್ಯಾಂಕು: ಒಳಗೆ ಪ್ರತ್ಯೇಕ ಉಕ್ಕಿನ ಟ್ಯಾಂಕು ಇರುವುದಿಲ್ಲ. ಸುಕ್ಕುಗಳುಳ್ಳ ತೆಳು ಸ್ಟೇನ್‌ಲೆಸ್ ಉಕ್ಕಿನ ಪೊರೆ ದ್ರವವನ್ನು ತಡೆಯುತ್ತದೆ. ದ್ರವದ ಭಾರ ಉಷ್ಣರೋಧಕದ ಮೂಲಕ ನೇರವಾಗಿ ಕಾಂಕ್ರೀಟಿನ ಗೋಡೆಗೆ ಹೋಗುತ್ತದೆ. ಆದ್ದರಿಂದ ಇಲ್ಲಿ ಕಾಂಕ್ರೀಟು ಆಪತ್ಕಾಲದಲ್ಲಿ ಮಾತ್ರವಲ್ಲ, ಪ್ರತಿದಿನವೂ ಭಾರ ಹೊರುತ್ತದೆ.

## ರಚನೆ

ಪೂರ್ಣ ಧಾರಕ ಟ್ಯಾಂಕಿನ ಒಳಪಾತ್ರೆಯನ್ನು ಶೇಕಡಾ 9ರಷ್ಟು ನಿಕಲ್ ಇರುವ ಉಕ್ಕಿನ ತಗಡುಗಳನ್ನು ಬೆಸೆದು ಮಾಡಲಾಗುತ್ತದೆ. ಅದರ ಮೇಲ್ಭಾಗ ತೆರೆದಿರುತ್ತದೆ. ಹೊರ ಛಾವಣಿಯಿಂದ ಕಂಬಿಗಳ ಮೂಲಕ ತೂಗುಹಾಕಿದ ಅಲ್ಯೂಮಿನಿಯಮಿನ ಅಟ್ಟ ದ್ರವದ ಮೇಲೆ ನಿಲ್ಲುತ್ತದೆ. ಅದರ ಮೇಲೆ ನಾರಿನಂತಹ ಉಷ್ಣರೋಧಕವನ್ನು ಹಾಸಲಾಗುತ್ತದೆ.

ಒಳ ಹೊರ ಗೋಡೆಗಳ ನಡುವೆ ಸುಮಾರು ಒಂದು ಮೀಟರ್ ಅಂತರವಿದ್ದು, ಅದನ್ನು ಪರ್ಲೈಟಿನಿಂದ ತುಂಬಲಾಗುತ್ತದೆ. ಪರ್ಲೈಟು ಜ್ವಾಲಾಮುಖಿ ಮೂಲದ ಗಾಜಿನಂತಹ ಶಿಲೆ. ಕಾಯಿಸಿದಾಗ ಅದರೊಳಗಿನ ನೀರು ಆವಿಯಾಗಿ, ಜೋಳದ ಅರಳಿನಂತೆ ಉಬ್ಬಿ ಹಗುರವಾಗುತ್ತದೆ. ಟ್ಯಾಂಕು ತಂಪಾದಾಗ ಒಳಪಾತ್ರೆಯ ವ್ಯಾಸ 10 ಸೆಂಟಿಮೀಟರಿಗೂ ಹೆಚ್ಚು ಕುಗ್ಗುತ್ತದೆ. ಆಗ ಪರ್ಲೈಟು ಕೆಳಗಿಳಿದು ಮೇಲೆ ಖಾಲಿ ಜಾಗ ಉಳಿಯದಿರಲೆಂದು ಒಳಪಾತ್ರೆಯ ಹೊರಮೈಗೆ ಸ್ಥಿತಿಸ್ಥಾಪಕ ಗುಣದ ಗಾಜುನಾರಿನ ಹೊದಿಕೆಯನ್ನು ಸುತ್ತಿರುತ್ತಾರೆ. ತಳದಲ್ಲಿ ಇಡೀ ದ್ರವದ ಭಾರವನ್ನು ಹೊರಬೇಕಾದ್ದರಿಂದ ಗಟ್ಟಿಯಾದ ನೊರೆಗಾಜಿನ ಇಟ್ಟಿಗೆಗಳನ್ನು ಪದರ ಪದರವಾಗಿ ಜೋಡಿಸಲಾಗುತ್ತದೆ.

ಕಾಂಕ್ರೀಟು ಗೋಡೆಯ ಒಳಮೈಗೆ ಸಾಮಾನ್ಯ ಉಕ್ಕಿನ ತೆಳು ಅಸ್ತರಿ ಇರುತ್ತದೆ. ಒಳಗಿನ ಆವಿ ಹೊರಹೋಗದಂತೆ, ಹೊರಗಿನ ತೇವ ಒಳಬಾರದಂತೆ ತಡೆಯುವುದಷ್ಟೇ ಅದರ ಕೆಲಸ. ಗೋಡೆ ಮತ್ತು ತಳ ಕೂಡುವ ಮೂಲೆ ಎಲ್ಲಕ್ಕಿಂತ ಸೂಕ್ಷ್ಮವಾದ ಭಾಗ. ಅಲ್ಲಿ ಗೋಡೆ ತಳಕ್ಕೆ ಬಿಗಿಯಾಗಿ ಸೇರಿರುವುದರಿಂದ, ಶೀತ ತಗುಲಿದರೆ ಮುಕ್ತವಾಗಿ ಕುಗ್ಗಲಾರದೆ ಬಿರುಕು ಬಿಡಬಹುದು. ಅದಕ್ಕಾಗಿ ಗೋಡೆಯ ಕೆಳಭಾಗದ ಕೆಲವು ಮೀಟರುಗಳವರೆಗೆ ಉಷ್ಣರೋಧಕ ಮತ್ತು ನಿಕಲ್ ಉಕ್ಕಿನ ಹೆಚ್ಚುವರಿ ರಕ್ಷಣೆಯನ್ನು ಕೊಡಲಾಗುತ್ತದೆ.

ದ್ರವದ ಮಟ್ಟದ ಕೆಳಗೆ ಗೋಡೆಗಾಗಲಿ ತಳಕ್ಕಾಗಲಿ ಯಾವ ಕೊಳವೆಯನ್ನೂ ಜೋಡಿಸುವುದಿಲ್ಲ. ತುಂಬುವ ಮತ್ತು ತೆಗೆಯುವ ಕೊಳವೆಗಳೆಲ್ಲವೂ ಛಾವಣಿಯ ಮೂಲಕವೇ ಹಾಯುತ್ತವೆ. ಪಂಪುಗಳು ದ್ರವದೊಳಗೆ ಮುಳುಗಿರುತ್ತವೆ. ಕೊಳವೆ ಮುರಿದರೂ ಟ್ಯಾಂಕು ತಾನಾಗಿ ಬರಿದಾಗಬಾರದು ಎಂಬುದು ಇದರ ಉದ್ದೇಶ.

## ಪೋಸ್ಟ್-ಟೆನ್ಷನಿಂಗ್‌ನ ತತ್ತ್ವ

ಕಾಂಕ್ರೀಟು ಒತ್ತುವ ಬಲವನ್ನು ಚೆನ್ನಾಗಿ ತಡೆಯುತ್ತದೆ. ಎಳೆಯುವ ಬಲವನ್ನು ತಡೆಯುವ ಶಕ್ತಿ ಅದರ ಸುಮಾರು ಹತ್ತನೆಯ ಒಂದು ಪಾಲು ಮಾತ್ರ. ದ್ರವ ತುಂಬಿದ ದುಂಡನೆಯ ಪಾತ್ರೆಯ ಗೋಡೆಯಲ್ಲಿ ಉಂಟಾಗುವುದಾದರೋ ಎಳೆತವೇ. ಈ ವಿರೋಧಕ್ಕೆ ಪರಿಹಾರವೆಂದರೆ ಗೋಡೆಯನ್ನು ಸುತ್ತಲಿಂದ ಮುಂಚಿತವಾಗಿಯೇ ಅಮುಕಿಡುವುದು. ಎತ್ತಿನ ಗಾಡಿಯ ಮರದ ಚಕ್ರಕ್ಕೆ ಕಮ್ಮಾರನು ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸಿ ನೀರೆರೆಯುತ್ತಿದ್ದ ಕ್ರಮದಲ್ಲಿಯೂ ಇದೇ ತತ್ತ್ವವಿದೆ. ತಣ್ಣಗಾಗಿ ಕುಗ್ಗಿದ ಪಟ್ಟಿ ಚಕ್ರದ ಭಾಗಗಳನ್ನೆಲ್ಲ ಒಳಕ್ಕೆ ಬಿಗಿದು, ಭಾರ ಬಿದ್ದಾಗ ಅವು ಬಿಟ್ಟುಕೊಳ್ಳದಂತೆ ನೋಡಿಕೊಳ್ಳುತ್ತದೆ.

ಬೇಕಾಗುವ ಬಲದ ಪ್ರಮಾಣವನ್ನು ಸರಳ ಲೆಕ್ಕದಿಂದ ಅಂದಾಜಿಸಬಹುದು. ಗೋಡೆಯ ಪ್ರತಿ ಮೀಟರ್ ಎತ್ತರದಲ್ಲಿನ ಎಳೆತವು ದ್ರವದ ಒತ್ತಡವನ್ನು ಟ್ಯಾಂಕಿನ ತ್ರಿಜ್ಯದಿಂದ ಗುಣಿಸಿದಷ್ಟಿರುತ್ತದೆ. ದ್ರವದ ಸಾಂದ್ರತೆ ಘನ ಮೀಟರಿಗೆ 480 ಕಿಲೋಗ್ರಾಂ, ಆಳ 35 ಮೀಟರ್, ತ್ರಿಜ್ಯ 42 ಮೀಟರ್ ಎಂದಿಟ್ಟುಕೊಂಡರೆ, ತಳದ ಬಳಿ ಪ್ರತಿ ಚದರ ಮೀಟರಿಗೆ ಸುಮಾರು 16.8 ಟನ್ ಭಾರದಷ್ಟು ಒತ್ತಡವಿರುತ್ತದೆ. ಇದನ್ನು 42ರಿಂದ ಗುಣಿಸಿದರೆ ಗೋಡೆಯ ಒಂದು ಮೀಟರ್ ಎತ್ತರದ ಪಟ್ಟಿಯಲ್ಲಿ ಸುಮಾರು 700 ಟನ್ ಎಳೆತ ಬರುತ್ತದೆ. ತಳದ ಅಂಚಿನಲ್ಲಿ ಗೋಡೆ ನೆಲಹಾಸಿಗೆ ಬಂಧಿತವಾಗಿರುವುದರಿಂದ ಬಲಗಳ ಹಂಚಿಕೆ ಸ್ವಲ್ಪ ಬದಲಾಗುತ್ತದೆ. ಆದರೂ ಪ್ರಮಾಣದ ಕಲ್ಪನೆಗೆ ಈ ಲೆಕ್ಕ ಸಾಕು.

ಈ ಬಲವನ್ನು ಎದುರಿಸಲು ಏಳು ತಂತಿಗಳನ್ನು ಹೊಸೆದು ಮಾಡಿದ, ಸುಮಾರು 15 ಮಿಲಿಮೀಟರ್ ದಪ್ಪದ ಎಳೆಗಳನ್ನು ಬಳಸುತ್ತಾರೆ. ಅವುಗಳ ಉಕ್ಕಿನ ಬಲ ಸಾಮಾನ್ಯವಾಗಿ 1860 ಮೆಗಾಪಾಸ್ಕಲ್. ಅಂದರೆ ಬೆರಳಿನಷ್ಟು ದಪ್ಪದ ಒಂದೊಂದು ಎಳೆಯೂ ತುಂಡಾಗಲು ಸುಮಾರು 26 ಟನ್ ಭಾರ ಬೇಕು. ಇಂತಹ ಹಲವು ಎಳೆಗಳನ್ನು ಸೇರಿಸಿದ ಹುರಿಗೆ ಟೆಂಡನ್ ಎಂದು ಹೆಸರು. 19 ಎಳೆಗಳ ಒಂದು ಟೆಂಡನ್ ಎಲ್ಲ ನಷ್ಟಗಳನ್ನೂ ಕಳೆದು ಸುಮಾರು 300 ಟನ್ ಬಲ ಕೊಡುತ್ತದೆ ಎಂದುಕೊಂಡರೆ, ಮೇಲಿನ ಉದಾಹರಣೆಯಲ್ಲಿ ಗೋಡೆಯ ಕೆಳಭಾಗದಲ್ಲಿ ಹೆಚ್ಚುಕಡಿಮೆ 40 ಸೆಂಟಿಮೀಟರಿಗೆ ಒಂದರಂತೆ ಟೆಂಡನ್‌ಗಳು ಬೇಕಾಗುತ್ತವೆ. ಮೇಲೇರಿದಂತೆ ದ್ರವದ ಒತ್ತಡ ತಗ್ಗುವುದರಿಂದ ಅವುಗಳ ಅಂತರವನ್ನು ಹೆಚ್ಚಿಸಬಹುದು.

ಟೆಂಡನ್‌ಗಳು ಎರಡು ಬಗೆ. ಅಡ್ಡ ಟೆಂಡನ್‌ಗಳು ಗೋಡೆಯನ್ನು ಬಳಸಿ ಹೋಗುತ್ತವೆ. ಗೋಡೆಯ ಹೊರಮೈಯಲ್ಲಿ ಸಮದೂರದಲ್ಲಿ ಸಾಮಾನ್ಯವಾಗಿ ನಾಲ್ಕು ಉಬ್ಬುಕಂಬಗಳಿದ್ದು, ಪ್ರತಿಯೊಂದು ಟೆಂಡನ್ ಅರ್ಧ ಸುತ್ತು ಹಾದು ಎದುರುಬದುರಿನ ಎರಡು ಕಂಬಗಳಲ್ಲಿ ಕೊನೆಗೊಳ್ಳುತ್ತದೆ. ಮುಂದಿನ ಸುತ್ತಿನ ಟೆಂಡನ್‌ಗಳು ಉಳಿದೆರಡು ಕಂಬಗಳಿಗೆ ಸೇರುತ್ತವೆ. ಹೀಗೆ ಬಲ ಎಲ್ಲ ಕಡೆಯೂ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತದೆ. ಲಂಬ ಟೆಂಡನ್‌ಗಳು ಗೋಡೆಯ ನೆತ್ತಿಯಿಂದ ಇಳಿದು, ಬುಡದಲ್ಲಿ ತಿರುಗಿ, ಮತ್ತೆ ನೆತ್ತಿಗೇರುವ ಕುಣಿಕೆಯ ಆಕಾರದಲ್ಲಿರುವುದು ರೂಢಿ. ಇದರಿಂದ ಎರಡು ತುದಿಗಳನ್ನೂ ಮೇಲಿನಿಂದಲೇ ಬಿಗಿಯಲು ಸಾಧ್ಯ.

ಒಳಪಾತ್ರೆ ಸೋರಿ ಶೀತದ್ರವ ಕಾಂಕ್ರೀಟನ್ನು ತಲುಪಿದರೆ ಗೋಡೆಯ ಒಳಮೈ ಕುಗ್ಗಲು ತೊಡಗಿ ಬಿರುಕು ಬಿಡಬಹುದು. ಆದರೆ ಹೊರಭಾಗ ಇನ್ನೂ ಬೆಚ್ಚಗಿದ್ದು ಒತ್ತುಬಲದಲ್ಲಿಯೇ ಉಳಿದಿರುತ್ತದೆ. ಬಿರುಕು ಒಳಮೈಯಿಂದ ಹೊರಮೈಗೆ ಹಾಯದಂತೆ ತಡೆಯುವುದು ಈ ಉಳಿದ ಒತ್ತುಬಲವೇ. ಶೀತದಲ್ಲಿ ತೇವಭರಿತ ಕಾಂಕ್ರೀಟಿನ ಬಲ ಕುಗ್ಗುವುದಿಲ್ಲ, ಬದಲಾಗಿ ಹೆಚ್ಚುತ್ತದೆ ಎಂಬುದು ಗಮನಾರ್ಹ.

## ನಿರ್ಮಾಣದ ಹಂತಗಳು

### ಅಡಿಪಾಯ

ನೆಲದ ಗುಣಕ್ಕೆ ತಕ್ಕಂತೆ ಟ್ಯಾಂಕನ್ನು ನೇರವಾಗಿ ನೆಲದ ಮೇಲೆ ಅಥವಾ ಪೈಲುಗಳ ಮೇಲೆ ಕಟ್ಟುತ್ತಾರೆ. ನೆಲದ ಮೇಲೆಯೇ ಇದ್ದರೆ ವರ್ಷಗಳ ಶೀತದಿಂದ ಮಣ್ಣಿನ ತೇವ ಹೆಪ್ಪುಗಟ್ಟಿ ಉಬ್ಬಿ ತಳವನ್ನು ಎತ್ತಬಹುದು. ಅದನ್ನು ತಡೆಯಲು ತಳದ ಹಾಸಿನಲ್ಲಿ ವಿದ್ಯುತ್ ತಾಪಕಗಳನ್ನು ಅಳವಡಿಸಲಾಗುತ್ತದೆ. ಪೈಲುಗಳ ಮೇಲೆ ಎತ್ತರಿಸಿ ಕಟ್ಟಿದರೆ ಅಡಿಯಲ್ಲಿ ಗಾಳಿಯಾಡುವುದರಿಂದ ತಾಪಕಗಳ ಅಗತ್ಯವಿರುವುದಿಲ್ಲ. ಭೂಕಂಪದ ಅಪಾಯವಿರುವ ಕಡೆ ಹಾಸಿನ ಅಡಿಯಲ್ಲಿ ಕಂಪನವನ್ನು ತಗ್ಗಿಸುವ ಸಾಧನಗಳನ್ನು ಇಡುವುದುಂಟು. ಗ್ರೀಸಿನ ರೆವಿಥೂಸಾ ದ್ವೀಪದ ಟ್ಯಾಂಕುಗಳು ಇದಕ್ಕೆ ಉದಾಹರಣೆ.

### ಗೋಡೆ

ಗೋಡೆಯನ್ನು ಕಟ್ಟಲು ಎರಡು ಕ್ರಮಗಳಿವೆ. ಮೊದಲನೆಯದರಲ್ಲಿ ಮೂರು ನಾಲ್ಕು ಮೀಟರ್ ಎತ್ತರದ ಒಂದೊಂದು ಸುತ್ತನ್ನು ಎರೆದು, ಅದು ಗಟ್ಟಿಯಾದ ಮೇಲೆ ಶಟರಿಂಗನ್ನು ಮೇಲಕ್ಕೇರಿಸಿ ಮುಂದಿನ ಸುತ್ತನ್ನು ಎರೆಯುತ್ತಾರೆ. ಎರಡನೆಯದರಲ್ಲಿ ಶಟರಿಂಗು ನಿಧಾನವಾಗಿ ಮೇಲಕ್ಕೆ ಜಾರುತ್ತಲೇ ಇರುತ್ತದೆ. ಕಾಂಕ್ರೀಟು ಹಾಕುವ ಕೆಲಸ ಹಗಲು ರಾತ್ರಿ ನಿಲ್ಲದೆ ಸಾಗುತ್ತದೆ. ಎರಡರಲ್ಲಿಯೂ ಕಬ್ಬಿಣದ ಸರಳುಗಳ ನಡುವೆ ಟೆಂಡನ್ ಹಾಯಬೇಕಾದ ಸುಕ್ಕು ಕೊಳವೆಗಳನ್ನು ನಿಖರವಾಗಿ ಕೂರಿಸಬೇಕು. ಕೊಳವೆ ತನ್ನ ಜಾಗದಿಂದ ಸರಿದರೆ ಅಥವಾ ಅದರೊಳಗೆ ಸಿಮೆಂಟಿನ ಹಾಲು ಸೋರಿ ಗಟ್ಟಿಯಾದರೆ, ಮುಂದೆ ಎಳೆಗಳನ್ನು ತೂರಿಸುವುದೇ ಕಷ್ಟವಾಗುತ್ತದೆ.

ಒಳಗಿನ ಕೆಲಸಕ್ಕೆ ಜನರೂ ಸಾಮಗ್ರಿಯೂ ಹೋಗಿಬರಲು ಗೋಡೆಯ ಬುಡದಲ್ಲಿ ತಾತ್ಕಾಲಿಕ ಬಾಗಿಲನ್ನು ಬಿಟ್ಟಿರುತ್ತಾರೆ. ಕೊನೆಯಲ್ಲಿ ಅದನ್ನು ಕಾಂಕ್ರೀಟಿನಿಂದ ಮುಚ್ಚಿ, ಅಲ್ಲಿ ಹಾಯುವ ಟೆಂಡನ್‌ಗಳನ್ನು ಬಿಗಿಯಲಾಗುತ್ತದೆ.

### ಗಾಳಿಯಿಂದ ಛಾವಣಿ ಎತ್ತುವುದು

ಗುಮ್ಮಟದ ಉಕ್ಕಿನ ಚೌಕಟ್ಟು ಮತ್ತು ತಗಡಿನ ಹೊದಿಕೆಯನ್ನು ಟ್ಯಾಂಕಿನೊಳಗೆ ನೆಲಮಟ್ಟದಲ್ಲಿಯೇ ಜೋಡಿಸಿ, ತೂಗು ಅಟ್ಟವನ್ನೂ ಅದಕ್ಕೆ ಸೇರಿಸಿ, ಅಂಚುಗಳನ್ನು ಗಾಳಿ ಸೋರದಂತೆ ಮುಚ್ಚುತ್ತಾರೆ. ಬಳಿಕ ದೊಡ್ಡ ಫ್ಯಾನುಗಳಿಂದ ಅಡಿಗೆ ಗಾಳಿ ತುಂಬಿದರೆ ಇಡೀ ಛಾವಣಿ ಮೇಲೇಳುತ್ತದೆ. ಇದಕ್ಕೆ ಬೇಕಾದ ಒತ್ತಡ ಅಚ್ಚರಿಯಾಗುವಷ್ಟು ಕಡಿಮೆ. 84 ಮೀಟರ್ ವ್ಯಾಸದ ಛಾವಣಿಯ ವಿಸ್ತೀರ್ಣ ಸುಮಾರು 5,540 ಚದರ ಮೀಟರ್. ಅದರ ತೂಕ 800 ಟನ್ ಎಂದುಕೊಂಡರೂ ಚದರ ಮೀಟರಿಗೆ ಬೀಳುವುದು ಸುಮಾರು 145 ಕಿಲೋಗ್ರಾಂ ಮಾತ್ರ, ಇದು 14.5 ಸೆಂಟಿಮೀಟರ್ ಎತ್ತರದ ನೀರು ಕೊಡುವ ಒತ್ತಡಕ್ಕೆ ಸಮ. ಕೆಲವೇ ಗಂಟೆಗಳಲ್ಲಿ ಛಾವಣಿ ಗೋಡೆಯ ನೆತ್ತಿಗೆ ತಲುಪುತ್ತದೆ. ಅದು ವಾಲದಂತೆ ಸಮತೋಲನದ ಹಗ್ಗಗಳಿರುತ್ತವೆ. ಅಂಚನ್ನು ಬೆಸೆದು ಭದ್ರಪಡಿಸುವವರೆಗೂ ಗಾಳಿಯ ಒತ್ತಡವನ್ನು ಕಾಯ್ದುಕೊಳ್ಳಬೇಕು.

ಆಮೇಲೆ ಈ ಉಕ್ಕಿನ ಗುಮ್ಮಟವನ್ನೇ ಅಚ್ಚಾಗಿಸಿಕೊಂಡು ಮೇಲೆ ಕಾಂಕ್ರೀಟು ಹಾಕಲಾಗುತ್ತದೆ. ಹಸಿ ಕಾಂಕ್ರೀಟಿನ ಭಾರಕ್ಕೆ ಆಸರೆಯಾಗಿ ಒಳಗೆ ಮತ್ತೆ ಗಾಳಿಯ ಒತ್ತಡ ಕೊಡುವುದುಂಟು. ಗುಮ್ಮಟ ಗೋಡೆಯ ನೆತ್ತಿಯನ್ನು ಹೊರಕ್ಕೆ ತಳ್ಳುವುದರಿಂದ ಅಲ್ಲಿ ದಪ್ಪನೆಯ ಉಂಗುರ ತೊಲೆಯಿದ್ದು, ಅದನ್ನೂ ಟೆಂಡನ್‌ಗಳಿಂದ ಬಿಗಿಯಲಾಗಿರುತ್ತದೆ.

### ಬಿಗಿಯುವುದು ಮತ್ತು ಗ್ರೌಟ್ ತುಂಬುವುದು

ಕಾಂಕ್ರೀಟು ನಿಗದಿತ ಬಲ ಪಡೆದ ಮೇಲೆ ಕೊಳವೆಗಳಲ್ಲಿ ಎಳೆಗಳನ್ನು ತೂರಿಸಿ, ಹೈಡ್ರಾಲಿಕ್ ಜ್ಯಾಕುಗಳಿಂದ ಎಳೆಯುತ್ತಾರೆ. ವಕ್ರ ಕೊಳವೆಯಲ್ಲಿ ಘರ್ಷಣೆ ಹೆಚ್ಚಾದ್ದರಿಂದ ಅಡ್ಡ ಟೆಂಡನ್‌ಗಳನ್ನು ಎರಡೂ ತುದಿಗಳಿಂದ ಎಳೆಯುವುದು ವಾಡಿಕೆ. ಮೇಲೆ ಹೇಳಿದ ಗಾತ್ರದ ಟ್ಯಾಂಕಿನಲ್ಲಿ ಅರ್ಧ ಸುತ್ತಿನ ಟೆಂಡನ್ ಸುಮಾರು 132 ಮೀಟರ್ ಉದ್ದವಿರುತ್ತದೆ. ಎಳೆದಾಗ ಅದು ಒಟ್ಟು 80 ಸೆಂಟಿಮೀಟರಿನ ಆಸುಪಾಸು ಹಿಗ್ಗುತ್ತದೆ. ಜ್ಯಾಕಿನ ಒತ್ತಡವನ್ನಷ್ಟೇ ನೋಡದೆ ಈ ಹಿಗ್ಗುವಿಕೆಯನ್ನೂ ಅಳೆದು ಲೆಕ್ಕದೊಂದಿಗೆ ಹೋಲಿಸುತ್ತಾರೆ. ಹಿಗ್ಗುವಿಕೆ ಕಡಿಮೆಯಾದರೆ ಒಳಗೆಲ್ಲೋ ಟೆಂಡನ್ ಸಿಕ್ಕಿಕೊಂಡಿರಬಹುದು. ಹೆಚ್ಚಾದರೆ ಎಳೆ ತುಂಡಾಗಿರಬಹುದು ಅಥವಾ ಬೆಣೆ ಜಾರಿರಬಹುದು. ಬಿಗಿದ ಎಳೆಗಳನ್ನು ಉಕ್ಕಿನ ಬೆಣೆಗಳು ಕಚ್ಚಿ ಹಿಡಿಯುತ್ತವೆ. ಎಳೆಯುವಾಗ ಬೆಣೆ ಸಿಡಿದರೆ ಪ್ರಾಣಕ್ಕೇ ಅಪಾಯವಾದ್ದರಿಂದ ಜ್ಯಾಕಿನ ಹಿಂದೆ ನೇರವಾಗಿ ಯಾರೂ ನಿಲ್ಲಬಾರದೆಂಬುದು ಈ ಕೆಲಸದ ಮೊದಲ ನಿಯಮ.

ಎಳೆದಷ್ಟೂ ಬಲ ಕೊನೆಯವರೆಗೆ ಉಳಿಯುವುದಿಲ್ಲ. ಘರ್ಷಣೆ, ಬೆಣೆ ಕೂರುವಾಗಿನ ಜಾರುವಿಕೆ, ಕಾಂಕ್ರೀಟಿನ ತತ್‌ಕ್ಷಣದ ಕುಗ್ಗುವಿಕೆ ಇವು ಆರಂಭದ ನಷ್ಟಗಳು. ಕಾಂಕ್ರೀಟು ಒಣಗಿ ಕುಗ್ಗುವುದು, ಒತ್ತಡದಡಿ ವರ್ಷಗಟ್ಟಲೆ ನಿಧಾನವಾಗಿ ಮಣಿಯುವುದು, ಉಕ್ಕಿನ ಬಿಗಿ ಸಡಿಲವಾಗುವುದು ಇವು ಕಾಲಕ್ರಮದ ನಷ್ಟಗಳು. ಇವೆಲ್ಲವನ್ನೂ ಮೊದಲೇ ಲೆಕ್ಕ ಹಾಕಿ ಅಷ್ಟು ಹೆಚ್ಚಿಗೆ ಬಿಗಿಯಬೇಕಾಗುತ್ತದೆ.

ಕೊನೆಗೆ ಕೊಳವೆಗಳಿಗೆ ಸಿಮೆಂಟಿನ ತೆಳು ಗ್ರೌಟನ್ನು ಪಂಪಿನಿಂದ ತುಂಬಿಸಲಾಗುತ್ತದೆ. ಅದು ಎಳೆಗಳನ್ನು ಕಾಂಕ್ರೀಟಿಗೆ ಬೆಸೆಯುವುದರ ಜೊತೆಗೆ ತುಕ್ಕಿನಿಂದ ಕಾಪಾಡುತ್ತದೆ. ಗ್ರೌಟಿನಲ್ಲಿ ನೀರು ಬೇರ್ಪಟ್ಟು ಮೇಲೆ ನಿಂತರೆ ಲಂಬ ಕೊಳವೆಗಳ ನೆತ್ತಿಯಲ್ಲಿ ಟೊಳ್ಳು ಉಳಿದು, ಎಳೆಗಳು ಬರಿದಾಗಿಯೇ ಇರುತ್ತವೆ. ಹೊರಗಿನಿಂದ ನೋಡಿದವರಿಗೆ ಈ ದೋಷ ಕಾಣದು. ತುಕ್ಕು ತನ್ನ ಕೆಲಸ ಮುಗಿಸುವವರೆಗೆ ತಿಳಿಯದಿರಲೂಬಹುದು. ಸಮುದ್ರ ತೀರದ ಉಪ್ಪುಗಾಳಿಯಲ್ಲಿ ದಶಕಗಳ ಕಾಲ ನಿಲ್ಲಬೇಕಾದ ಈ ರಚನೆಗಳಲ್ಲಿ ಗ್ರೌಟಿನ ಗುಣಮಟ್ಟಕ್ಕೆ ಅಷ್ಟೊಂದು ಮಹತ್ತ್ವವಿರುವುದು ಆದ್ದರಿಂದಲೇ.

## ಪರೀಕ್ಷೆ ಮತ್ತು ತಂಪುಗೊಳಿಸುವಿಕೆ

ಒಳಪಾತ್ರೆ ಸಿದ್ಧವಾದ ಮೇಲೆ ನೀರು ತುಂಬಿ ಪರೀಕ್ಷಿಸುತ್ತಾರೆ. ಎಲ್‌ಎನ್‌ಜಿ ನೀರಿನ ಅರ್ಧಕ್ಕಿಂತಲೂ ಹಗುರ. ಆದ್ದರಿಂದ ದ್ರವದ ಭಾರದ 1.25 ಪಟ್ಟು ಭಾರ ಬರಲು ಎಲ್‌ಎನ್‌ಜಿಯ ಎತ್ತರದ ಸುಮಾರು ಶೇಕಡಾ 60ರಷ್ಟು ನೀರು ಸಾಕಾಗುತ್ತದೆ. ಈ ವೇಳೆ ಅಡಿಪಾಯ ಎಲ್ಲಿ, ಎಷ್ಟು ಕುಸಿಯಿತೆಂಬುದನ್ನೂ ಅಳೆಯಲಾಗುತ್ತದೆ. ಹೊರಪಾತ್ರೆಯನ್ನು ಗಾಳಿಯ ಒತ್ತಡದಿಂದ ಪರೀಕ್ಷಿಸುತ್ತಾರೆ.

ಬಳಿಕ ಒಳಗಿನ ಗಾಳಿಯನ್ನು ನೈಟ್ರೋಜನ್‌ನಿಂದ ಹೊರದೂಡಿ ತೇವವನ್ನು ತೆಗೆಯುತ್ತಾರೆ. ಆಮೇಲೆ ಮೇಲಿನಿಂದ ಎಲ್‌ಎನ್‌ಜಿಯನ್ನು ತುಂತುರಾಗಿ ಚಿಮುಕಿಸಿ ಟ್ಯಾಂಕನ್ನು ತಂಪು ಮಾಡಲಾಗುತ್ತದೆ. ಒಂದು ಭಾಗ ಬೇಗ, ಇನ್ನೊಂದು ನಿಧಾನವಾಗಿ ಕುಗ್ಗಿದರೆ ಬೆಸುಗೆಗಳಿಗೆ ಪೆಟ್ಟಾಗುವುದರಿಂದ ಉಷ್ಣತಾಮಾಪಕಗಳನ್ನು ನೋಡುತ್ತಾ ಬಹಳ ತಾಳ್ಮೆಯಿಂದ ಈ ಕೆಲಸವನ್ನು ಮಾಡಬೇಕು.

## ಬಳಕೆಯ ಕಾಲದ ಸಮಸ್ಯೆಗಳು

ಎಷ್ಟೇ ಉಷ್ಣರೋಧಕವಿದ್ದರೂ ಸ್ವಲ್ಪ ಶಾಖ ಒಳನುಗ್ಗಿ ದ್ರವ ಆವಿಯಾಗುತ್ತಲೇ ಇರುತ್ತದೆ. ದಿನಕ್ಕೆ ಶೇಕಡಾ 0.05 ಎಂಬುದು ಸಾಮಾನ್ಯ ವಿನ್ಯಾಸ ಮಿತಿ. 1,80,000 ಘನ ಮೀಟರಿನ ತುಂಬಿದ ಟ್ಯಾಂಕಿನಲ್ಲಿ ಇದು ದಿನಕ್ಕೆ 90 ಘನ ಮೀಟರ್ ದ್ರವ, ಅಂದರೆ ಸುಮಾರು 54,000 ಘನ ಮೀಟರ್ ಅನಿಲ. ಈ ಆವಿಯನ್ನು ಕಂಪ್ರೆಸರುಗಳಿಂದ ಎಳೆದು ಬಳಸಿಕೊಳ್ಳಲಾಗುತ್ತದೆ.

ಬೇರೆ ಬೇರೆ ಸಾಂದ್ರತೆಯ ದ್ರವಗಳನ್ನು ಒಂದೇ ಟ್ಯಾಂಕಿಗೆ ತುಂಬಿದರೆ ಅವು ಪದರಗಳಾಗಿ ನಿಲ್ಲಬಹುದು. ಕೆಳಪದರ ಕಾದು ಹಗುರವಾದಾಗ ಎರಡೂ ಥಟ್ಟನೆ ಬೆರೆತು ಅಪಾರ ಆವಿ ಏಳುತ್ತದೆ. ರೋಲ್‌ಓವರ್ ಎಂದು ಕರೆಯುವ ಈ ವಿದ್ಯಮಾನ 1971ರಲ್ಲಿ ಇಟಲಿಯ ಲಾ ಸ್ಪೆಜಿಯಾದಲ್ಲಿ ನಡೆದು, ಅದರ ಅಧ್ಯಯನಕ್ಕೆ ಕಾರಣವಾಯಿತು. ಇದನ್ನು ತಡೆಯಲು ಟ್ಯಾಂಕಿನ ಬೇರೆ ಬೇರೆ ಎತ್ತರಗಳಲ್ಲಿ ಸಾಂದ್ರತೆ ಮತ್ತು ಉಷ್ಣತೆಯನ್ನು ಅಳೆಯುತ್ತಿರುತ್ತಾರೆ.

## ಮಾನಕಗಳು

ಯುರೋಪಿನ ಇಎನ್ 14620, ಅಮೆರಿಕದ ಎಪಿಐ 625, ಎಸಿಐ 376 ಮತ್ತು ಎನ್‌ಎಫ್‌ಪಿಎ 59ಎ ಈ ಕ್ಷೇತ್ರದ ಮುಖ್ಯ ಮಾನಕಗಳು. ಇವುಗಳಲ್ಲಿ ಎಸಿಐ 376 ಶೀತಲೀಕೃತ ದ್ರವಗಳ ಕಾಂಕ್ರೀಟು ಟ್ಯಾಂಕುಗಳಿಗೆಂದೇ ರೂಪಿತವಾದುದು. ಭಾರತದಲ್ಲಿ ತೈಲ ಉದ್ಯಮ ಸುರಕ್ಷತಾ ನಿರ್ದೇಶನಾಲಯದ ಓಐಎಸ್‌ಡಿ 194 ಎಲ್‌ಎನ್‌ಜಿ ಸಂಗ್ರಹಣೆ ಮತ್ತು ನಿರ್ವಹಣೆಗೆ ಸಂಬಂಧಿಸಿದ್ದು.

## ಭಾರತದಲ್ಲಿ

ದೇಶದ ಮೊದಲ ಎಲ್‌ಎನ್‌ಜಿ ಟರ್ಮಿನಲ್ ಗುಜರಾತಿನ ದಹೇಜ್‌ನಲ್ಲಿ 2004ರಲ್ಲಿ ಆರಂಭವಾಯಿತು. 2005ರಲ್ಲಿ ಹಜೀರಾ, 2013ರಲ್ಲಿ ಕೊಚ್ಚಿ ಮತ್ತು ದಾಭೋಳ್, 2019ರಲ್ಲಿ ಎಣ್ಣೂರು, 2020ರಲ್ಲಿ ಮುಂದ್ರಾ, 2023ರಲ್ಲಿ ಒಡಿಶಾದ ಧಾಮ್ರಾ ಟರ್ಮಿನಲ್‌ಗಳು ಕೆಲಸ ತೊಡಗಿದವು. ಎಣ್ಣೂರು ಮತ್ತು ಧಾಮ್ರಾಗಳಲ್ಲಿ 1,80,000 ಘನ ಮೀಟರ್ ಸಾಮರ್ಥ್ಯದ ಎರಡೆರಡು ಟ್ಯಾಂಕುಗಳಿವೆ.

ಕರ್ನಾಟಕದ ಕರಾವಳಿಯಲ್ಲಿ ಇಂತಹ ಟರ್ಮಿನಲ್ ಇಲ್ಲವಾದರೂ ನೆರೆ ರಾಜ್ಯಗಳ ಟರ್ಮಿನಲ್‌ಗಳೊಂದಿಗೆ ಕೊಳವೆಮಾರ್ಗಗಳ ಸಂಪರ್ಕವಿದೆ. ದಾಭೋಳ್–ಬೆಂಗಳೂರು ಕೊಳವೆಮಾರ್ಗ 2013ರಲ್ಲಿ ಕಾರ್ಯಾರಂಭ ಮಾಡಿತು. ಕೊಚ್ಚಿ–ಮಂಗಳೂರು ನಡುವಿನ ಸುಮಾರು 450 ಕಿಲೋಮೀಟರ್ ಮಾರ್ಗವನ್ನು ಪ್ರಧಾನಿ ನರೇಂದ್ರ ಮೋದಿ 2021ರ ಜನವರಿ 5ರಂದು ಉದ್ಘಾಟಿಸಿದರು. ಈ ಮಾರ್ಗ ತಡವಾದ ಕಾರಣ ಕೊಚ್ಚಿಯ ಟರ್ಮಿನಲ್ ಹಲವು ವರ್ಷ ತನ್ನ ಸಾಮರ್ಥ್ಯಕ್ಕಿಂತ ಬಹಳ ಕಡಿಮೆ ಬಳಕೆಯಲ್ಲಿತ್ತು. ಪುದುವೈಪಿನ ಟ್ಯಾಂಕುಗಳಲ್ಲಿ ದ್ರವವಾಗಿ ನಿಂತ ಅನಿಲ ಇಂದು ಈ ಮಾರ್ಗದ ಮೂಲಕ ಮಂಗಳೂರಿನ ರಸಗೊಬ್ಬರ ಮತ್ತು ತೈಲ ಶುದ್ಧೀಕರಣ ಕೈಗಾರಿಕೆಗಳನ್ನು ತಲುಪುತ್ತದೆ.

## ಇವನ್ನೂ ನೋಡಿ

* ನೈಸರ್ಗಿಕ ಅನಿಲ
* ಮೀಥೇನ್
* ಕಾಂಕ್ರೀಟು
* ಯೂಜೀನ್ ಫ್ರೆಸಿನೆ
* ದ್ರವೀಕೃತ ಪೆಟ್ರೋಲಿಯಂ ಅನಿಲ